ಕಣ್ಣು ಹೆಜ್ಜೆಯ ಮೇಲೆ: ಸೂಫಿ ಕಲಿಕೆಗೆ ನಾನು ಇಳಿದ ಬಗೆ

ಸೂಫಿಗಳ ಬಗ್ಗೆ ತಿಳಿಯಬೇಕು ಅನ್ನುವವರು ಸಾಮಾನ್ಯವಾಗಿ ರೂಮಿಯಿಂದ ಶುರು ಮಾಡುತ್ತಾರೆ, ಇಲ್ಲವೇ ಕವ್ವಾಲಿಯಿಂದ. ಎರಡೂ ಒಳ್ಳೆಯ ಬಾಗಿಲುಗಳೇ. ನನಗೆ ಮಾತ್ರ ಅದು ಶುರುವಾಗಿದ್ದು ಮೈಸೂರಿನ ಮಂಡಿ ಮೊಹಲ್ಲಾದ ಬೈಂಡಿಂಗ್ ಅಂಗಡಿಯೊಂದರಲ್ಲಿ.

ನಾನು ಹೈಸ್ಕೂಲ್ ಮೇಷ್ಟ್ರಾಗಿದ್ದವನು. ನಿವೃತ್ತಿಯ ಮೇಲೆ ಹಳೇ ಪುಸ್ತಕಗಳಿಗೆ ರಟ್ಟು ಹಾಕಿಸಲು ಹೋದಾಗ ಅಂಗಡಿಯ ಸಾಹೇಬರ ಪರಿಚಯವಾಯಿತು. ಅವರದು ಸೂಫಿಗಳಲ್ಲಿ ನಕ್ಷಬಂದಿ ಅನ್ನುವ ಗುರುಪರಂಪರೆ. ಮಧ್ಯ ಏಷ್ಯಾದ ಬುಖಾರಾ ಊರಿನ ಬಹಾವುದ್ದೀನ್ ನಕ್ಷಬಂದ್ (1318–1389) ಅವರ ಹೆಸರು ಹೊತ್ತ ದಾರಿ ಅದು. ಸೂಫಿಗಳು ಕಲಿಸುವುದೇನು ಅಂತ ಕೇಳಿದೆ. "ಕೂತ್ಕೊಳ್ಳಿ ಮೇಷ್ಟ್ರೇ, ಮೊದಲು ಈ ದಾರ ಬಿಚ್ಚಿ" ಅಂದು ಹೊಲಿಗೆ ಸಡಿಲವಾದ ಪುಸ್ತಕವೊಂದನ್ನು ಮುಂದಿಟ್ಟರು.

ಹಳೇ ಕಾಗದ ಮಡಿಕೆಯಲ್ಲೇ ಹರಿಯುತ್ತದೆ. ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಕತ್ತರಿಸಬೇಕು. ಬೆನ್ನಿನ ಮೇಲೆ ಒಣಗಿದ ಅಂಟು ಕೆರೆಯಬೇಕು. ಫಾರಂಗಳು, ಅಂದರೆ ಒಟ್ಟಿಗೆ ಮಡಿಸಿ ಹೊಲಿದ ಹಾಳೆಗಳ ಕಟ್ಟುಗಳು, ಕ್ರಮ ತಪ್ಪದಂತೆ ಬಿಡಿಸಿಡಬೇಕು. ಮನಸ್ಸು ಆಚೆ ಹೋಯಿತೋ, ಹಾಳೆ ಹರಿಯಿತು. ಎಷ್ಟೋ ಸಂಜೆ ಹೀಗೇ ಕಳೆದವು. ಇದಕ್ಕೆ ಅವರು ಖಿದ್ಮತ್, ಅಂದರೆ ಸೇವೆ, ಅನ್ನುತ್ತಾರೆ. ಹಿಂದೆ ಸೂಫಿ ಆಶ್ರಮಗಳಾದ ಖಾನ್‌ಖಾಗಳಲ್ಲೂ ಹೊಸಬರಿಗೆ ಗುಡಿಸುವ, ನೀರು ಹೊರುವ, ಬಂದವರಿಗೆ ಬಡಿಸುವ ಕೆಲಸ ಕೊಡುತ್ತಿದ್ದರು. ಅಹಂಕಾರ ಇಳಿಯದೆ ಪಾಠ ಒಳಗೆ ಹೋಗುವುದಿಲ್ಲ ಅನ್ನುವುದು ಅವರ ಲೆಕ್ಕ.

ಇದನ್ನೇ ಇಸ್ಲಾಮಿನ ದೊಡ್ಡ ವಿದ್ವಾಂಸ ಇಮಾಮ್ ಘಜಾಲಿ ತಮ್ಮ ಬದುಕಿನಿಂದ ಹೇಳಿದ್ದಾರೆ. ಬಾಗ್ದಾದಿನ ನಿಜಾಮಿಯಾ ವಿದ್ಯಾಪೀಠದ ದೊಡ್ಡ ಗುರುಪೀಠವನ್ನು 1095ರಲ್ಲಿ ಬಿಟ್ಟು ಹೊರಟವರು ಅವರು. ಸೂಫಿಗಳ ಪುಸ್ತಕ ಓದಿ ಮುಗಿಸಿದ ಮೇಲೆ, ಉಳಿದದ್ದು ಓದಿನಿಂದ ಸಿಗುವಂಥದ್ದಲ್ಲ ಅಂತ ಅವರಿಗೆ ಹೊಳೆಯಿತು. ಆರೋಗ್ಯ ಎಂದರೇನು ಅಂತ ವಿವರಿಸಬಲ್ಲ ವೈದ್ಯನೇ ಕಾಯಿಲೆ ಬಿದ್ದಿರಬಹುದು ಅನ್ನುತ್ತಾರೆ. ವಿವರಣೆ ಗೊತ್ತು, ಆರೋಗ್ಯ ಇಲ್ಲ. ಮೂವತ್ತು ಚಿಲ್ಲರೆ ವರ್ಷ ಪಾಠ ಮಾಡಿದ ನನಗೆ ಈ ಮಾತು ಚೆನ್ನಾಗಿಯೇ ನಾಟಿತು.

ನನ್ನನ್ನು ಜಾಸ್ತಿ ಕಾಡಿದ್ದು ಪ್ರವಾದಿ ಮೂಸಾ (ಮೋಸೆಸ್) ಮತ್ತು ಅವರಿಗೆ ಗುರುವಾಗಿ ಸಿಕ್ಕ ಜ್ಞಾನಿ ಖಿಜ್ರ್ ಕತೆ. ಕುರಾನಿನ 18ನೇ ಅಧ್ಯಾಯದಲ್ಲಿದೆ. ಅಲ್ಲಿ ಖಿಜ್ರ್ ಅನ್ನುವ ಹೆಸರಿಲ್ಲ, ಅದು ಪರಂಪರೆ ಕೊಟ್ಟ ಹೆಸರು. ಕಲಿಯಲು ಬಂದ ಮೂಸಾಗೆ ಖಿಜ್ರ್ ಹಾಕುವ ಷರತ್ತು ಒಂದೇ: ನಾನಾಗಿ ಹೇಳುವವರೆಗೆ ಏನೂ ಕೇಳಬೇಡ. ಆಮೇಲೆ ಹತ್ತಿದ ದೋಣಿಗೇ ತೂತು ಮಾಡುತ್ತಾರೆ. ಒಬ್ಬ ಹುಡುಗನನ್ನು ಕೊಲ್ಲುತ್ತಾರೆ. ಊಟ ಕೊಡದ ಊರಿನಲ್ಲಿ ಬೀಳಲಿದ್ದ ಗೋಡೆಯನ್ನು ಕೂಲಿಯಿಲ್ಲದೆ ನಿಲ್ಲಿಸುತ್ತಾರೆ. ಮೂರು ಸಲವೂ ಮೂಸಾಗೆ ಸುಮ್ನಿರಲು ಆಗುವುದಿಲ್ಲ. ಬೇರೆಯಾಗುವ ಹೊತ್ತಿಗೆ ಖಿಜ್ರ್ ಕಾರಣ ಬಿಡಿಸುತ್ತಾರೆ. ಮುಂದೆ ದೋಣಿಗಳನ್ನು ಕಿತ್ತುಕೊಳ್ಳುವ ರಾಜನಿದ್ದ. ಹುಡುಗ ತನ್ನ ಧರ್ಮಿಷ್ಠ ತಂದೆತಾಯಿಯನ್ನು ಸಂಕಟಕ್ಕೆ ತಳ್ಳುವವನಿದ್ದ. ಗೋಡೆಯಡಿ ಇಬ್ಬರು ಅನಾಥ ಮಕ್ಕಳ ನಿಧಿ ಇತ್ತು.

ಕ್ಲಾಸಿನಲ್ಲಿ ಪ್ರಶ್ನೆ ಕೇಳಿ, ಕೇಳಿ ಅಂತ ಮಕ್ಕಳ ಬೆನ್ನು ತಟ್ಟಿದವನು ನಾನು. ಇದು ನನಗೆ ಒಗ್ಗಲಿಲ್ಲ. "ಉತ್ತರ ಬಂತಲ್ಲಾ ಮೇಷ್ಟ್ರೇ, ಸ್ವಲ್ಪ ತಡವಾಗಿ" ಅಂದರು ಸಾಹೇಬರು. ಪ್ರಶ್ನೆಯನ್ನು ಕೊಂಚ ಹೊತ್ತು ಹೊತ್ತುಕೊಂಡು ನಡೆದರೆ ಅದರ ಆಕಾರವೇ ಬದಲಾಗುತ್ತದೆ. ಇದನ್ನು ಈಗ ಒಪ್ಪುತ್ತೇನೆ. ಆದರೆ ಈ ಕತೆ ತೋರಿಸಿ "ನನ್ನನ್ನು ಪ್ರಶ್ನಿಸಬೇಡ" ಅನ್ನುವ ಗುರುವಿನಿಂದ ದೂರ ಇರಿ. ಸೂಫಿಗಳೇ ಈ ಎಚ್ಚರ ಕೊಟ್ಟಿದ್ದಾರೆ. 11ನೇ ಶತಮಾನದ ಸೂಫಿ ಲೇಖಕ ಹುಜ್ವಿರಿ, ದುಡ್ಡಿಗೂ ಅಧಿಕಾರಕ್ಕೂ ಸೂಫಿ ವೇಷ ಹಾಕುವವರನ್ನು ಬೇರೆಯೇ ಸಾಲಿನಲ್ಲಿ ನಿಲ್ಲಿಸಿದ್ದಾರೆ.

ಅಭ್ಯಾಸದ ವಿಷಯಕ್ಕೆ ಬರುತ್ತೇನೆ. ನಕ್ಷಬಂದಿಗಳಲ್ಲಿ ಹನ್ನೊಂದು ಸೂತ್ರಗಳಿವೆ, ಪರ್ಷಿಯನ್ ಭಾಷೆಯಲ್ಲಿ. ನನಗೆ ಮೊದಲು ಸಿಕ್ಕಿದ್ದು "ನಜರ್ ಬರ್ ಕದಮ್", ಕಣ್ಣು ಹೆಜ್ಜೆಯ ಮೇಲಿರಲಿ. ಅದನ್ನು ದೇವರಾಜ ಮಾರುಕಟ್ಟೆಯಲ್ಲಿ ಮಾಡಿ ನೋಡಿದೆ. ಮಲ್ಲಿಗೆ ಮಾರುವವರು ಕರೆಯುತ್ತಾರೆ, ಕುಂಕುಮದ ರಾಶಿ ಕಣ್ಣು ಎಳೆಯುತ್ತದೆ. ನೋಟ ನೆಲದಲ್ಲಿಟ್ಟರೆ ಕಾಣುವುದು ವೀಳ್ಯದೆಲೆ ತೊಟ್ಟು, ಬಾಳೆನಾರು, ಒದ್ದೆ ಕಲ್ಲು, ಎದುರು ಬರುವವರ ಚಪ್ಪಲಿ. ಮನಸ್ಸು ಎಷ್ಟು ಕಡೆ ಓಡುತ್ತದೆ ಅಂತ ಆಗ ಗೊತ್ತಾಗುತ್ತದೆ. "ಹೋಶ್ ದರ್ ದಮ್" ಅಂದರೆ ಒಂದು ಉಸಿರೂ ಮೈಮರೆತು ಹೋಗದಿರಲಿ ಅಂತ. ಅದು ತುಂಬಾ ಕಷ್ಟ. "ಖಲ್ವತ್ ದರ್ ಅಂಜುಮನ್", ಜನರ ನಡುವೆ ಇದ್ದೂ ಒಳಗೆ ದೇವರ ಜೊತೆ ಒಬ್ಬಂಟಿಯಾಗಿರುವುದು. ಮಂಡ್ಯಕ್ಕೆ ಹೋಗುವ ತುಂಬಿದ ರೈಲು ಅದಕ್ಕೆ ಸರಿಯಾದ ಜಾಗ.

ಒಂದು ಮಾತು ಮರೆಯಬಾರದು. ಈ ದಾರಿಯ ಬೇರು ಇಸ್ಲಾಮಿನಲ್ಲಿದೆ. ನಮಾಜು, ಉಪವಾಸ, ಪ್ರವಾದಿಯ ನಡೆ ಬಿಟ್ಟು ಇದು ನಿಲ್ಲುವುದಿಲ್ಲ. ನಾನು ಹಿಂದೂ, ದೀಕ್ಷೆ ತೆಗೆದುಕೊಂಡವನಲ್ಲ. ಜಿಕ್ರ್, ಅಂದರೆ ದೇವರ ನಾಮಸ್ಮರಣೆ, ಅದರ ಪಾಠ ಗುರುವಿನ ಅಪ್ಪಣೆಯಿಂದ ಬರುವಂಥದ್ದು, ಅದನ್ನು ನಾನು ಕೇಳಿಲ್ಲ. ಅಂಚಿನಲ್ಲಿ ಕೂತೇ ಕಲಿಯುತ್ತಿದ್ದೇನೆ. ಹಾಗೆ ಕೂರುವವರಿಗೂ ನಮ್ಮ ನಾಡಿನಲ್ಲಿ ಜಾಗ ಇದೆ. ಮುಸಲ್ಮಾನರಾಗಿ ಹುಟ್ಟಿದ ಶಿಶುನಾಳ ಶರೀಫರು (1819–1889) ಗೋವಿಂದ ಭಟ್ಟರ ಶಿಷ್ಯರಾದದ್ದು ಎಲ್ಲರಿಗೂ ಗೊತ್ತು, ಅಲ್ವಾ?

ನಲವತ್ತು ದಿನದ ಚಿಲ್ಲಾ, ಅಂದರೆ ಏಕಾಂತವಾಸ, ಇದನ್ನು ಓದಿಕೊಂಡು ಒಬ್ಬರೇ ಮಾಡಲು ಹೋಗಬೇಡಿ. ಅದಕ್ಕೆ ಪಕ್ಕದಲ್ಲಿ ಬಲ್ಲವರು ಇರಬೇಕು. ಹೆಜ್ಜೆ ನೋಡಿ ನಡೆಯಲು ಯಾರ ಅಪ್ಪಣೆಯೂ ಬೇಡ. ಸದ್ಯ ಸಾಹೇಬರು ನನ್ನನ್ನು "ಸಫರ್ ದರ್ ವತನ್" ಸೂತ್ರಕ್ಕೆ ಹಚ್ಚಿದ್ದಾರೆ. ಕೆಟ್ಟ ಗುಣದಿಂದ ಒಳ್ಳೆ ಗುಣಕ್ಕೆ, ತನ್ನೊಳಗೇ ಮಾಡುವ ಪ್ರಯಾಣ. ನಾನು ಆರಿಸಿಕೊಂಡಿರುವುದು ಇನ್ನೊಬ್ಬರ ಮಾತು ಮುಗಿಯುವ ಮೊದಲೇ ತಿದ್ದುವ ಮೇಷ್ಟ್ರ ಚಟವನ್ನು. ಮನೆಯಲ್ಲಿ ಹೆಂಡತಿ ಇದರ ಲೆಕ್ಕ ಇಡುತ್ತಿದ್ದಾಳೆ.