ಕಿತ್ತುಹೋದ ಜ ಒತ್ತು

ಕಾಗದಕ್ಕೆ ಅಚ್ಚು ಹಾಕಲೆಂದು ಮರದ ಹಲಗೆಯಲ್ಲಿ ನಾನು ಕೆತ್ತಿದ್ದು ಎರಡೇ ಎರಡು ಪದ: ‘ಅಜ್ಜಿ ಮನೆ’. ಅದಕ್ಕೇ ಮೂರು ಭಾನುವಾರ ಹಿಡಿಯಿತು. ಕೊರಿಯಾದ ಹೇಇನ್ಸಾ ಬೌದ್ಧ ವಿಹಾರದಲ್ಲಿ 13ನೇ ಶತಮಾನದ ಅಚ್ಚಿನ ಹಲಗೆಗಳು 80,000ಕ್ಕೂ ಜಾಸ್ತಿ ಇವೆ. ಎರಡೂ ಬದಿಗೆ ಅಕ್ಷರ. ಈಗ ಅದನ್ನು ನೆನೆದರೇ ಬೆರಳು ನೋಯುತ್ತದೆ.

ಇಂಥ ಹಲಗೆಗೆ ಚೀನಾದವರು ಪೇರ್ ಮರ, ಬೋರೆ ಮರ ಬಳಸುತ್ತಿದ್ದರು. ನನಗೆ ಸಿಕ್ಕಿದ್ದು ಚನ್ನಪಟ್ಟಣದ ಬೊಂಬೆ ಮಾಡುವ ಆಲೆ ಮರ. ಬೆಳ್ಳಗೆ, ನುಣ್ಣಗೆ, ನಾರು ಒತ್ತೊತ್ತಾಗಿರುವ ಮರ.

ಅಕ್ಷರ ಉಲ್ಟಾ ಬರೆಯಬೇಕಲ್ವಾ ಅಂತ ಒಂದು ದಿನವೆಲ್ಲ ಕನ್ನಡಿ ಹಿಡಿದು ಒದ್ದಾಡಿದೆ. ಸುಮ್ನೆ ದಂಡ. ಹಳಬರ ದಾರಿ ಸುಲಭ. ತೆಳು ಕಾಗದದ ಮೇಲೆ ನೆಟ್ಟಗೇ ಬರೆದು, ಗಂಜಿ ಸವರಿದ ಹಲಗೆಗೆ ಬೋರಲಾಗಿ ಅಂಟಿಸುವುದು. ಒಣಗಿದ ಮೇಲೆ ಬೆರಳು ಒದ್ದೆ ಮಾಡಿಕೊಂಡು ಕಾಗದದ ಬೆನ್ನನ್ನು ಮೆಲ್ಲಗೆ ಉಜ್ಜಿದರೆ ಈರುಳ್ಳಿ ಪೊರೆಯಷ್ಟು ಉಳಿಯುತ್ತದೆ. ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟೆ ನೋಡಿ, ಅಕ್ಷರ ಕಪ್ಪಗೆ ಎದ್ದು ಬಂತು. ತಾನಾಗೇ ಉಲ್ಟಾ!

ಗೆರೆ ಬಿಟ್ಟು ಸುತ್ತಲಿನ ಮರ ತೆಗೆಯಬೇಕು. ಚಾಕುವಿನ ಹಿಡಿ ಅಕ್ಷರದ ಕಡೆ ವಾಲಿರಬೇಕು, ಮೊನೆ ಆಚೆಗೆ. ಆಗ ಗೆರೆಯ ಬುಡ ಅಗಲವಾಗಿ ನಿಲ್ಲುತ್ತದೆ. ನಮ್ಮ ಲಿಪಿಯೋ ಪೂರ್ತಿ ದುಂಡು. ನಾರಿನ ಉದ್ದಕ್ಕೆ ಚಾಕು ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ, ಅಡ್ಡ ತಿರುಗಿದ ಕೂಡಲೇ ಹಠ ಹಿಡಿಯುತ್ತದೆ. ಸ್ವಲ್ಪ ಜಾಸ್ತಿ ಒತ್ತಿದೆ. ಚಟ್ ಅಂತ ಜ ಒತ್ತು ಹಾರಿತು. ಅಜ್ಜಿ ‘ಅಜಿ’ ಆದಳು.

ಹಲಗೆ ಎಸೆಯಬೇಕಾಗಲಿಲ್ಲ. ಹಿಂದಿನ ಕೆತ್ತನೆಗಾರರು ತಪ್ಪಾದ ಅಕ್ಷರವನ್ನು ಕೊರೆದು ತೆಗೆದು, ಅಲ್ಲಿಗೆ ಹೊಸ ಮರದ ಬೆಣೆ ಬಡಿದು ಮತ್ತೆ ಕೆತ್ತುತ್ತಿದ್ದರು. ನಾನೂ ಅದನ್ನೇ ಮಾಡಿದೆ.

ಅಚ್ಚು ಹಾಕಲು ಯಂತ್ರ ಬೇಡ. ದೀಪದ ಮಸಿಗೆ ಅಂಟು, ನೀರು ಕಲಸಿ ಬ್ರಷ್‌ನಲ್ಲಿ ಸವರಿ, ಕಾಗದ ಹಾಸಿ ಬೆನ್ನಿನ ಮೇಲೆ ಒಣ ಬ್ರಷ್ ಆಡಿಸಿದರೆ ಸಾಕು. ಮೊದಲ ನಾಲ್ಕು ಹಾಳೆ ಮಸಿ ಜಾಸ್ತಿಯಾಗಿ ಕೆಟ್ಟವು. ಮಸಿ ಹಿಂಬದಿಗೂ ಇಳಿದಿತ್ತು. ಚೀನಾದ ಹಳೆಯ ಪುಸ್ತಕಗಳಲ್ಲಿ ಒಂದೇ ಬದಿಗೆ ಅಚ್ಚು ಹಾಕಿ, ಖಾಲಿ ಬದಿ ಒಳಗೆ ಬರುವಂತೆ ಹಾಳೆ ಮಡಚುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು.

ಐದನೆಯದು ಚೆನ್ನಾಗಿ ಬಂತು. ಬೆಣೆ ಮಾತ್ರ ಕೂದಲೆಳೆಯಷ್ಟು ಎತ್ತರ ಉಳಿದಿದೆ. ಪ್ರತಿ ಹಾಳೆಯಲ್ಲೂ ಆ ಒತ್ತು ಉಳಿದ ಅಕ್ಷರಗಳಿಗಿಂತ ಕಪ್ಪಗೆ ಬೀಳುತ್ತದೆ. ಉಜ್ಜಿ ಸರಿ ಮಾಡಬಹುದು, ಇನ್ನೂ ಮಾಡಿಲ್ಲ.