ಕೋಸ್ಟರಿಕಾದ ಹ್ಯಾಚರಿಗೆ ನೆರಳು ಕಟ್ಟಿದ ನನ್ನ ಅನುಭವ

ಕಡಲಾಮೆಯ ಮೊಟ್ಟೆ ತಂದು ಮರಳಲ್ಲಿ ಹೂತು, ಮರಿಯಾಗುವವರೆಗೆ ಕಾಯುವ ಹ್ಯಾಚರಿ ನಡೆಸುವವರೇ, ಬೇಸಿಗೆಯ ಗೂಡುಗಳು ಉಳಿಯುವುದಿಲ್ಲ ಅನ್ನಬೇಡಿ. ಉಳಿಸಬಹುದು. ಕೋಸ್ಟರಿಕಾದ ಪೆಸಿಫಿಕ್ ತೀರದ ಹ್ಯಾಚರಿಯೊಂದರಲ್ಲಿ ಸ್ವಯಂಸೇವಕನಾಗಿದ್ದಾಗ ಮಾಡಿ ತೋರಿಸಿದ್ದೇನೆ. ನಮ್ಮ ಹೊನ್ನಾವರ, ಕಾರವಾರದ ಕಡೆ ಮೊಟ್ಟೆಯಿಡುವ ಆಲಿವ್ ರಿಡ್ಲಿ ಆಮೆಯೇ ಅಲ್ಲಿಗೂ ಬರುತ್ತದೆ.

ಮಳೆ ಇರುವಷ್ಟು ದಿನ ಅಲ್ಲಿ ಚಿಂತೆಯಿಲ್ಲ. ಡಿಸೆಂಬರ್ ಬಂತೆಂದರೆ ಮರಳು ಕಾಯತೊಡಗುತ್ತದೆ. ಆಮೆ ಮರಿ ಗಂಡೋ ಹೆಣ್ಣೋ ಅನ್ನುವುದು ಗೂಡಿನ ಬಿಸಿಯ ಮೇಲೆ ನಿಂತಿದೆ, ಬಿಸಿ ಏರಿದಷ್ಟೂ ಹೆಣ್ಣುಮರಿಯೇ ಜಾಸ್ತಿ. ಗೂಡಿನೊಳಗೆ 35 ಡಿಗ್ರಿ ದಾಟಿದರೆ ಹೆಣ್ಣೂ ಇಲ್ಲ, ಗಂಡೂ ಇಲ್ಲ, ಮರಿ ಮೊಟ್ಟೆಯಲ್ಲೇ ಸಾಯುತ್ತದೆ. ನೂರು ಮೊಟ್ಟೆಯ ಗೂಡು ಅಗೆದರೆ ಹತ್ತು ಮರಿ ಸಿಗುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು.

ನೆರಳು ಕಟ್ಟೋಣ ಅಂದೆ. ಮರಳು ತಂಪಾದರೆ ಮೊಟ್ಟೆಗೆ ಬೂಷ್ಟು ಹಿಡಿಯುತ್ತದೆ ಎಂದು ಹಳಬರು ಒಪ್ಪಲಿಲ್ಲ. ಕೊನೆಗೆ ಮೂಲೆಯ ಎರಡು ಸಾಲು ಕೊಟ್ಟರು, ಖರ್ಚು ನನ್ನದೇ. ವಿಮಾನಕ್ಕೆ ಒಂದೂವರೆ ಲಕ್ಷದ ಆಸುಪಾಸು ಆಗಿತ್ತು. ಊಟ, ವಸತಿಗೆ ವಾರಕ್ಕೆ 300 ಡಾಲರ್ ಹತ್ತಿರ. ಅದರ ಮೇಲೆ ಶೇಡ್ ನೆಟ್, ಬಿದಿರು, ಹಗ್ಗಕ್ಕೆ ಇನ್ನೊಂದು 150 ಡಾಲರ್ ಹೋಯಿತು.

ಮೊದಲ ನೆಟ್ ಮೊಣಕಾಲೆತ್ತರದಲ್ಲಿತ್ತು. ಗಾಳಿ ಆಡದೆ ಶಾಖ ಅಲ್ಲೇ ನಿಂತಿತು. ಎರಡನೆಯದನ್ನು ಜನವರಿಯಲ್ಲಿ ಅಲ್ಲಿ ಜೋರಾಗಿ ಬೀಸುವ ಪಾಪಗಾಯೊ ಅನ್ನುವ ಗಾಳಿ ಹರಿದು ಹಾಕಿತು. ಮೂರನೆಯದನ್ನು ತಲೆಗಿಂತ ಎತ್ತರಕ್ಕೆ ಕಟ್ಟಿದೆ, ಗಾಳಿ ಬರುವ ಕಡೆಗೆ ಇಳಿಜಾರು ಕೊಟ್ಟೆ, ಎರಡು ತುಂಡು ಮಾಡಿ ನಡುವೆ ಸಂದು ಬಿಟ್ಟೆ. ಅದು ನಿಂತಿತು. ಗೂಡಿನ ಬಿಸಿ ಎರಡು ಮೂರು ಡಿಗ್ರಿ ಇಳಿಯಿತು. ನಡುವೆ ತೆಂಗಿನ ಗರಿ ಹೊದಿಸಿಯೂ ನೋಡಿದೆ. ತಂಪೇನೋ ಚೆನ್ನಾಗಿತ್ತು, ಆದರೆ ಗರಿಯಡಿ ಏಡಿಗಳು ಬಿಲ ತೋಡಿದವು. ಅವತ್ತೇ ತೆಗೆಸಿದೆ.

ಬಿಸಿಲಿನ ಗೂಡುಗಳು 45 ದಿನದ ಹೊತ್ತಿಗೆ ಒಡೆದವು. ನೆರಳಿನವು 50 ದಾಟಿದರೂ ಸುಮ್ಮನಿದ್ದವು. 'ಹೋಯ್ತು ಬಿಡಿ' ಅಂದರು ಹಳಬರು. ಆಮೇಲೆ ಒಂದೊಂದೇ ಗೂಡಿನ ಮೇಲಿನ ಮರಳು ಕುಸಿದು ಮರಿಗಳು ಮೇಲೆ ಬಂದವು. ನೆರಳಿನ ಸಾಲಿನಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಮರಿ, ಬಿಸಿಲಿನದರಲ್ಲಿ ಮೂರರಲ್ಲೊಂದು ಪಾಲೂ ಇಲ್ಲ. ಈಗ ಅಲ್ಲಿ ಇಡೀ ಹ್ಯಾಚರಿಗೆ ನನ್ನ ಅಳತೆಯಲ್ಲೇ ನೆಟ್ ಕಟ್ಟುತ್ತಾರೆ.

ಬೂಷ್ಟು ಯಾಕೆ ಬರಲಿಲ್ಲ ಅಂತ ಕೇಳುತ್ತೀರಿ ಅಲ್ವಾ? ಅದು ಗೂಡಿನ ಮರಳಿಗೆ ನೀರು ಹಾಕುವ ಲೆಕ್ಕದಲ್ಲಿದೆ. ಸಂಜೆ ಮಾತ್ರ ಹಾಕುತ್ತಿದ್ದೆ, ಅಷ್ಟು ಹೇಳಬಲ್ಲೆ. ಎಷ್ಟು, ಯಾವ ವಾರದಿಂದ ಅನ್ನುವುದನ್ನು ಬರೆಯುವುದಿಲ್ಲ. ಒಂದೊಂದು ತೀರದ ಮರಳು ಒಂದೊಂದು ಥರ. ನಿಮ್ಮ ಹ್ಯಾಚರಿಗೆ ಕರೆದರೆ ಬಂದು, ಅಲ್ಲಿನ ಮರಳು ಮುಟ್ಟಿ ನೋಡಿ ಹೇಳುತ್ತೇನೆ.