ಹನ್ನೊಂದು ನಿಮಿಷದ ಹಾಡು, ಏಳು ಇಂಚಿನ ಪ್ಲೇಟು

ನಮ್ಮ ಮೊದಲ ರೆಕಾರ್ಡಿಗೆ ಆರಿಸಿಕೊಂಡ ಹಾಡು 11 ನಿಮಿಷ 20 ಸೆಕೆಂಡಿನದು. ನಿಮಿಷಕ್ಕೆ 45 ಸುತ್ತು ತಿರುಗುವ ಏಳು ಇಂಚಿನ ಪ್ಲೇಟಿನ ಒಂದು ಬದಿಯಲ್ಲಿ, ಕೋಣೆ ತುಂಬುವಷ್ಟು ಜೋರಾಗಿ, ಹಿಡಿಸುವುದು ನಾಲ್ಕು ನಿಮಿಷ. ಹೆಚ್ಚೆಂದರೆ ನಾಲ್ಕೂವರೆ. ಎರಡು ಬದಿ ಸೇರಿಸಿದರೂ ಎರಡು ಮೂರು ನಿಮಿಷದ ಹಾಡು ಹೊರಗೇ ಉಳಿಯುತ್ತದೆ. ಯಾವುದನ್ನು ಬಿಡುವುದು, ಉಳಿದದ್ದನ್ನು ಎಲ್ಲಿ ತುಂಡು ಮಾಡುವುದು? ಇದೊಂದು ಪ್ರಶ್ನೆಗೇ ನಮಗೆ ಎರಡು ತಿಂಗಳು ಹಿಡಿಯಿತು. ವಿನೈಲ್, ಅಂದರೆ ಇಂಥ ಪ್ಲೇಟು, ಮಾಡಿಸಬೇಕೆಂದಿರುವ ಗೆಳೆಯರು ಊರಿನಿಂದ ಆಗಾಗ ಕೇಳುತ್ತಿರುತ್ತಾರೆ, ನೀವು ಹೇಗೆ ಮಾಡಿದಿರಿ ಎಂದು. ಆದದ್ದು ಆದ ಹಾಗೆ ಬರೆಯುತ್ತೇನೆ.

ನಾವು ಎಂದರೆ ಮೂವರು, ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವವರು. ಒಬ್ಬ ಡ್ರಮ್ಮರ್, ಸಂಗೀತ ಶಾಲೆಯಲ್ಲಿ ಮೇಷ್ಟ್ರು. ಇನ್ನೊಬ್ಬ ಟೆನರ್ ಸ್ಯಾಕ್ಸೊಫೋನ್ ನುಡಿಸುತ್ತಾನೆ. ಅವನ ಅಪ್ಪ ಅಮ್ಮ ಘಾನಾದ ಕುಮಾಸಿಯವರು. ಹ್ಯಾಂಬರ್ಗ್‌ನಲ್ಲಿ ಘಾನಾದವರ ದೊಡ್ಡ ಸಮುದಾಯವೇ ಇದೆ. ಮೂರನೆಯವನು ಸಾಗರದ ನಾನು. ಹಗಲು ಸಾಫ್ಟ್‌ವೇರ್ ಕೆಲಸ, ರಾತ್ರಿ ಮತ್ತು ಶನಿವಾರ ಭಾನುವಾರ ಧ್ವನಿಮುದ್ರಣ. ಮೂವರೂ ದುಡ್ಡು ಹಾಕಿ 2021ರಲ್ಲಿ ಒಂದು ಪುಟ್ಟ ಲೇಬಲ್, ಅಂದರೆ ಹಾಡಿನ ಪ್ಲೇಟು ಹೊರತರುವ ಕಂಪನಿ, ಶುರು ಮಾಡಿದೆವು. ಅಮೆರಿಕದ ಕಪ್ಪು ಜನರ ಕುಣಿತದ ಸಂಗೀತವಾದ ಫಂಕ್ ಮತ್ತು ನೈಜೀರಿಯಾದಲ್ಲಿ ಹುಟ್ಟಿದ ಅದರ ಬಂಧು ಆಫ್ರೋಬೀಟ್ ಬಿಟ್ಟು ಬೇರೇನೂ ಇಲ್ಲ, ಎಲ್ಲವೂ ಹೊಸದಾಗಿ ಕಟ್ಟಿದ ಹಾಡುಗಳು.

ಧೈರ್ಯ ಕೊಟ್ಟದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಡ್ಯಾಪ್‌ಟೋನ್. ಗೇಬ್ರಿಯಲ್ ರಾತ್ ಮತ್ತು ನೀಲ್ ಶುಗರ್‌ಮನ್ ಸೇರಿ ಕಟ್ಟಿದ ಲೇಬಲ್ ಅದು. ಬುಶ್‌ವಿಕ್‌ನ ಒಂದು ಹಳೆಯ ಮನೆಯನ್ನೇ ಸ್ಟುಡಿಯೋ ಮಾಡಿಕೊಂಡು, ಎಂಟು ಟ್ರ್ಯಾಕಿನ, ಅಂದರೆ ಎಂಟು ದನಿಗಳನ್ನು ಬೇರೆ ಬೇರೆಯಾಗಿ ಹಿಡಿಯುವ, ಟೇಪಿನಲ್ಲಿ ಹಾಡು ಹಿಡಿದರು. ಶರಾನ್ ಜೋನ್ಸ್ ಎಂಬ ಮಹಾನ್ ಗಾಯಕಿಯನ್ನು ಲೋಕ ಕೇಳಿದ್ದು ಅವರಿಂದ. ಹಿಂದೊಮ್ಮೆ ಜೈಲಿನ ಕಾವಲು ಕೆಲಸ ಮಾಡುತ್ತಿದ್ದ ಆಕೆ ನಲವತ್ತು ದಾಟಿದ ಮೇಲೆ ಹೆಸರಾದರು. ದೊಡ್ಡ ಕಂಪನಿಗಳಿಗೆ ಬೇಡವಾದ ಸಂಗೀತವನ್ನು ನಾಲ್ಕು ಜನ ಸೇರಿ ಕೈಯಾರೆ ಮಾಡಬಹುದು ಎಂಬುದಕ್ಕೆ ನನಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಏಳು ಇಂಚಿನ ಪ್ಲೇಟು ನನಗೆ ಹೊಸದಲ್ಲ. ಸಾಗರದ ಮನೆಯ ಅಟ್ಟದಲ್ಲಿ ಅಪ್ಪನ ತಗಡಿನ ಪೆಟ್ಟಿಗೆ ತುಂಬ ಕನ್ನಡ ಚಿತ್ರಗೀತೆಗಳ ಇಪಿಗಳಿದ್ದವು, ಎಚ್‌ಎಂವಿಯವು. ಅವೂ 45ರ ವೇಗದವೇ. ಆದರೆ ಬದಿಗೆ ಎರಡೆರಡು ಹಾಡು ತುಂಬಿಸಿದ್ದರಿಂದ ಅವುಗಳ ದನಿ ಮೆತ್ತಗೆ. ಚಿಕ್ಕವನಾಗಿದ್ದಾಗ ನಮ್ಮ ಪ್ಲೇಯರ್ರೇ ಸರಿಯಿಲ್ಲ ಅಂದುಕೊಂಡಿದ್ದೆ. ಕಾರಣ ಗೊತ್ತಾದದ್ದು ಈ ಕೆಲಸಕ್ಕೆ ಇಳಿದ ಮೇಲೆ. ದನಿ ಜೋರಾದಷ್ಟೂ ಗೀರು ಅಗಲಕ್ಕೆ ಓಲಾಡುತ್ತದೆ, ಜಾಗ ಹೆಚ್ಚು ತಿನ್ನುತ್ತದೆ. ಹಾಡು ಉದ್ದವಾದರೆ ಗೀರುಗಳನ್ನು ಒತ್ತೊತ್ತಾಗಿ ಕೂರಿಸಬೇಕು, ಆಗ ದನಿ ತಗ್ಗಿಸದೆ ವಿಧಿಯಿಲ್ಲ. ಫಂಕ್‌ಗೆ ಅದು ಆಗದು. ಬೇಸ್ ಗಿಟಾರ್ ಎದೆಗೆ ತಟ್ಟಬೇಕು.

ಆಫ್ರೋಬೀಟ್ ಹುಟ್ಟಿದ್ದೇ ಉದ್ದಕ್ಕೆ. ನೈಜೀರಿಯಾದ ಅಬೆಯೊಕುಟದಲ್ಲಿ 1938ರಲ್ಲಿ ಹುಟ್ಟಿದ ಫೆಲಾ ಕುಟಿ, ಲಂಡನ್‌ನಲ್ಲಿ ಸಂಗೀತ ಕಲಿತು ಲಾಗೋಸ್‌ಗೆ ಮರಳಿ, ಪಶ್ಚಿಮ ಆಫ್ರಿಕಾದ ಹೈಲೈಫ್ ಎಂಬ ಕುಣಿತದ ಸಂಗೀತಕ್ಕೆ ಜಾಝ್ ಸೇರಿಸಿ ನುಡಿಸುತ್ತಿದ್ದರು. 1969ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಕಪ್ಪು ಜನರ ಹೋರಾಟವನ್ನು ಹತ್ತಿರದಿಂದ ಕಂಡು ಬಂದ ಮೇಲೆ ಅವರ ಹಾಡಿನ ಮಾತೂ ಬದಲಾಯಿತು, ನಡೆಯೂ ಬದಲಾಯಿತು. ಆ ನಡೆಯ ಅರ್ಧ ಪಾಲು ಡ್ರಮ್ಮರ್ ಟೋನಿ ಅಲೆನ್ ಅವರದು. ಎರಡು ಕೈ ಎರಡು ಕಾಲು ನಾಲ್ಕು ಜನರಂತೆ ಮಾತಾಡಿಕೊಳ್ಳುವ ಡ್ರಮ್ಮಿಂಗ್ ಅದು. ಮೊದಲು ಗಿಟಾರ್, ಮೇಲೆ ಇನ್ನೊಂದು ಗಿಟಾರ್, ಬೇಸ್, ಡ್ರಮ್ಮು, ಆಮೇಲೆ ತುತ್ತೂರಿಗಳ ದಂಡು. ಹಾಡುಗಾರ ಬಾಯಿ ತೆರೆಯುವ ಹೊತ್ತಿಗೆ ಏಳೆಂಟು ನಿಮಿಷ ಕಳೆದಿರುತ್ತದೆ. ಫೆಲಾ ಅವರ 1970ರ ದಶಕದ ಒಂದು ಎಲ್‌ಪಿಯಲ್ಲಿ, ಅಂದರೆ ಹನ್ನೆರಡು ಇಂಚಿನ ದೊಡ್ಡ ಪ್ಲೇಟಿನಲ್ಲಿ, ಇರುವುದು ಒಂದೇ ಹಾಡು, 25 ನಿಮಿಷದ್ದು. ಎರಡು ಬದಿಗೂ ಅದೇ.

ಹಾಗಿದ್ದ ಮೇಲೆ ಏಳು ಇಂಚು ಯಾಕೆ ಎಂದು ಯಾರಾದರೂ ಕೇಳುತ್ತಾರೆ. ಕುಣಿಸುವವರು, ಅಂದರೆ ಡಿಜೆಗಳು, ಫಂಕ್‌ನಲ್ಲಿ ಇಂದಿಗೂ ಹುಡುಕಿಕೊಂಡು ಬರುವುದು 45ಗಳನ್ನೇ. ಖರ್ಚೂ ಕಡಿಮೆ. ದಾರಿಯೂ ಹೊಸದಲ್ಲ: ಜೇಮ್ಸ್ ಬ್ರೌನ್ ಅವರ ಎಷ್ಟೋ 45ಗಳ ನಡುವಿನ ಚೀಟಿಯ ಮೇಲೆ ಭಾಗ 1, ಭಾಗ 2 ಎಂದು ಅಚ್ಚಾಗಿದೆ. ಉದ್ದದ ಹಾಡನ್ನು ಕತ್ತರಿಸಿ ಎರಡು ಬದಿಗೆ ಹಂಚಿದ್ದು. ಸಾಮಾನ್ಯವಾಗಿ ಮೊದಲ ಭಾಗದ ಕೊನೆಯಲ್ಲಿ ದನಿ ಮೆಲ್ಲಗೆ ಇಳಿಯುತ್ತಾ ಮಾಯವಾಗುತ್ತದೆ. ನನಗೆ ಅದೇ ಬೇಡವಾಗಿತ್ತು. ದನಿ ಇಳಿಯಿತೆಂದರೆ ಕುಣಿಯುವವನು ನೀರು ಕುಡಿಯಲು ಹೊರಡುತ್ತಾನೆ. ಹಾಡು ನಿಲ್ಲಬೇಕು, ಆದರೆ ಕಾಲು ನಿಲ್ಲಬಾರದು. ಅಂಥ ಜಾಗ ಹಾಡಿನೊಳಗೇ ಎಲ್ಲೋ ಇದ್ದೀತು ಎಂದು ಹುಡುಕಲು ಕೂತೆವು.

ಹಾಡು ಹಿಡಿದದ್ದು ಎರಡನೆಯ ಮಹಾಯುದ್ಧದ ಕಾಲದ ಒಂದು ಬಂಕರಿನಲ್ಲಿ. ಹ್ಯಾಂಬರ್ಗ್‌ನಲ್ಲಿ ಅಂಥವು ಬೇಕಾದಷ್ಟಿವೆ, ಅವುಗಳಲ್ಲಿ ಹಲವು ಈಗ ಬ್ಯಾಂಡುಗಳ ತಾಲೀಮಿನ ಜಾಗ. ಗೋಡೆ ಎಷ್ಟು ದಪ್ಪವೆಂದರೆ ನಡುರಾತ್ರಿ ಎಂಟು ಜನ ಊದಿ ಬಡಿದರೂ ಬೀದಿಗೆ ಪಿಟ್ಟೆನ್ನದು. ಅರ್ಧ ಇಂಚಿನ ಟೇಪಿನ ಎಂಟು ಟ್ರ್ಯಾಕಿನ ಹಳೆಯ ಯಂತ್ರ, ಡ್ರಮ್ಮಿಗೆ ಎರಡೇ ಮೈಕು, ಎಲ್ಲರೂ ಒಟ್ಟಿಗೆ ನುಡಿಸುವುದು. ಕಿವಿಗೆ ಕ್ಲಿಕ್, ಅಂದರೆ ತಾಳ ತಪ್ಪದಂತೆ ಯಂತ್ರ ಕೊಡುವ ಟಿಕ್ ಟಿಕ್, ಕೊಡಲಿಲ್ಲ. ಹಾಗಾಗಿ ನಿಮಿಷಕ್ಕೆ 112 ಪೆಟ್ಟಿನಲ್ಲಿ ಶುರುವಾದ ಹಾಡು ಕೊನೆಗೆ 115ಕ್ಕೆ ಏರಿತ್ತು. ಕೇಳುವಾಗ ಅದು ಹುಮ್ಮಸ್ಸು. ಕತ್ತರಿಸಲು ಕೂತಾಗ ತಲೆನೋವು: ಎರಡನೆಯ ನಿಮಿಷದ ತುಂಡನ್ನು ಒಂಬತ್ತನೆಯ ನಿಮಿಷಕ್ಕೆ ಅಂಟಿಸಿದರೆ ನಡೆ ತಟ್ಟನೆ ಮುಂದಕ್ಕೆ ಎಳೆದಂತಾಗುತ್ತದೆ.

ನಾನು ಹಾಳೆಯ ಮೇಲೆ ಆವರ್ತದ ಲೆಕ್ಕ ಬರೆದೆ. ನಮ್ಮ ಗಿಟಾರಿನ ಸುತ್ತು 16 ಪೆಟ್ಟಿಗೊಮ್ಮೆ ಹೊರಟಲ್ಲಿಗೆ ಬರುತ್ತದೆ. ಇಡೀ ಹಾಡಿನಲ್ಲಿ ಅಂಥ 80 ಆವರ್ತ. ನಾಲ್ಕು ನಿಮಿಷಕ್ಕೆ 28. ಎಂಟು ಟ್ರ್ಯಾಕುಗಳನ್ನು ಹದವಾಗಿ ಬೆರೆಸಿದ ಮಿಕ್ಸನ್ನು ಕಾಲಿಂಚಿನ ಟೇಪಿಗೆ ಇಳಿಸಿಕೊಂಡಿದ್ದೆವು. ಸೆಕೆಂಡಿಗೆ 38 ಸೆಂಟಿಮೀಟರ್ ಓಡುವ ಟೇಪಿನಲ್ಲಿ ಒಂದು ಆವರ್ತವೆಂದರೆ ಸುಮಾರು ಮೂರೂಕಾಲು ಮೀಟರ್. ಟೇಪನ್ನು ಕೈಯಲ್ಲಿ ಹಿಂದೆ ಮುಂದೆ ಎಳೆದು ಕಾಲಿನಿಂದ ಬಡಿಯುವ ಕಿಕ್ ಡ್ರಮ್ಮಿನ ಪೆಟ್ಟು ಎಲ್ಲಿ ಬೀಳುತ್ತದೆಂದು ಕೇಳಿ, ಬಿಳಿ ಪೆನ್ಸಿಲಿನಿಂದ ಗುರುತು ಹಾಕಿ, ಬ್ಲೇಡನ್ನು ಓರೆಯಾಗಿ ಇಟ್ಟು ಕತ್ತರಿಸುವುದು. ಓರೆ ಏಕೆಂದರೆ ನೇರವಾಗಿ ಕತ್ತರಿಸಿದ ಕಡೆ ಟಕ್ ಎಂದು ಕೇಳುವ ಭಯ. ಇಂಥ ಕೆಲಸ ಕಂಪ್ಯೂಟರಿನಲ್ಲಿ ಹತ್ತು ನಿಮಿಷದ್ದು. ಆದರೆ ಬ್ಲೇಡು ಹಿಡಿದಾಗ ಒಂದು ಆವರ್ತ ಬಿಡುವುದೆಂದರೆ ಏನು ಬಿಡುತ್ತಿದ್ದೇವೆ ಎಂದು ಮೂರು ಸಲ ಕೇಳಿಕೊಳ್ಳುತ್ತೀರಿ. ಆ ನಿಧಾನ ನಮಗೆ ಬೇಕಿತ್ತು.

ಬಿಟ್ಟದ್ದು 22 ಆವರ್ತ, ಹೆಚ್ಚುಕಡಿಮೆ 70 ಮೀಟರ್. ಅದರಲ್ಲಿ ಗೆಳೆಯನ ಸ್ಯಾಕ್ಸೊಫೋನ್ ಸೋಲೋದ ಅರ್ಧವೂ ಇತ್ತು. ಅವನೇ ಗುರುತು ಹಾಕಿಕೊಟ್ಟ. "ಇಲ್ಲಿಂದ ಮುಂದೆ ಹೇಳಿದ್ದನ್ನೇ ಹೇಳಿದ್ದೇನೆ" ಅಂದ. ಮೊದಲ ಬದಿ ನಿಲ್ಲುವ ಜಾಗ ಸಿಕ್ಕಿದ್ದು ಅದಾದ ಮೇಲೆಯೇ. ಸೋಲೋ ಮುಗಿದು ತುತ್ತೂರಿಗಳು ಒಟ್ಟಾಗಿ ಒಂದು ಪ್ರಶ್ನೆ ಎತ್ತುತ್ತವೆ. ಎಲ್ಲ ವಾದ್ಯ ಒಂದು ಪೆಟ್ಟಿನಷ್ಟು ಸುಮ್ಮನಾಗುತ್ತವೆ. ಆಮೇಲೆ ಹಾಡುಗಾರ್ತಿ ಉತ್ತರ ಕೊಡುತ್ತಾಳೆ. ಪ್ರಶ್ನೆ ಎ ಬದಿಗೆ, ಉತ್ತರ ಬಿ ಬದಿಗೆ.

ಇನ್ನು ಪ್ಲೇಟು ಕೊರೆಸುವುದು. ಅಲ್ಯೂಮಿನಿಯಂ ತಟ್ಟೆಗೆ ನುಣುಪಾದ ಲ್ಯಾಕರ್ ಬಳಿದಿರುತ್ತಾರೆ, ಅದರ ಮೇಲೆ ಲೇತ್ ಯಂತ್ರ ಬಿಸಿಮಾಡಿದ ಮುಳ್ಳಿನಿಂದ ಗೀರು ಕೊರೆಯುತ್ತದೆ. ಆಗ ಈ ಲ್ಯಾಕರ್ ತಟ್ಟೆಗಳಿಗೇ ಬರ. 2020ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೋಲೊ ಕಾರ್ಖಾನೆ ಸುಟ್ಟು ಹೋಗಿ, ಪ್ರಪಂಚಕ್ಕೆಲ್ಲ ಜಪಾನಿನ ಒಂದೇ ಕಾರ್ಖಾನೆ ಗತಿಯಾಗಿತ್ತು. ಕೊರೆಯುವ ಎಂಜಿನಿಯರ್ ನಮ್ಮ ತಾಯಿಯ ವಯಸ್ಸಿನ ಹೆಂಗಸು. ಮಿಕ್ಸ್ ಕೇಳಿದವರೇ ಮೊದಲು ಕೇಳಿದ್ದು, ದಪ್ಪ ದನಿಯ ಬ್ಯಾರಿಟೋನ್ ಸ್ಯಾಕ್ಸನ್ನು ಬಲಗಡೆಗೆ ಯಾಕೆ ಇಟ್ಟಿದ್ದೀರಿ ಎಂದು. ತಗ್ಗು ಸ್ವರಗಳು ನಡುವಿನಲ್ಲಿ ಇರದಿದ್ದರೆ ಗೀರಿನ ಆಳ ಹೆಚ್ಚುಕಡಿಮೆಯಾಗಿ ಮುಳ್ಳು ಹಾರುತ್ತದೆ. ಎರಡನೆಯದು ಶೇಕೆರೆ, ಅಂದರೆ ಸೋರೆ ಬುರುಡೆಗೆ ಮಣಿಗಳ ಬಲೆ ಹೊದಿಸಿದ ವಾದ್ಯ. ಪ್ಲೇಟು ತಿರುಗುವ ವೇಗ ಒಂದೇ ಆದರೂ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ 40 ಸೆಂಟಿಮೀಟರ್ ಗೀರು ಹಾದರೆ, ಒಳಗಿನ ಕೊನೆಯಲ್ಲಿ ಹಾಯುವುದು 25ರಷ್ಟೇ. ಅಲ್ಲಿ ಚುರುಕಾದ ಚಿಲ್ ಚಿಲ್ ದನಿಗಳು ಇಕ್ಕಟ್ಟಿಗೆ ಸಿಕ್ಕಿ ಒಡೆಯುತ್ತವೆ. ನಮ್ಮ ಬಿ ಬದಿಯ ಕೊನೆಯ ನಿಮಿಷ ತುಂಬ ಶೇಕೆರೆಯೇ ಇತ್ತು! ಮನೆಗೆ ಬಂದು ಬಿ ಬದಿಯನ್ನು ಮತ್ತೆ ಮಿಕ್ಸ್ ಮಾಡಿ, ಮತ್ತೆ ಬ್ಲೇಡು ಹಿಡಿದೆವು.

ಎರಡನೆಯ ಸಲ ಹೋದಾಗ ಕೊರೆದರು. ಮುಳ್ಳಿನ ಹಿಂದೆಯೇ ಕರಿ ಕೂದಲಿನಂಥ ಎಳೆ ಎದ್ದು ಬರುತ್ತದೆ, ಪಕ್ಕದ ಕೊಳವೆ ಅದನ್ನು ಹೀರಿಕೊಳ್ಳುತ್ತದೆ. ನಾಲ್ಕು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಒಂದಕ್ಕೊಂದು ತಾಗದೆ ಓಲಾಡುತ್ತ ಹೋಗುವ ಹೊಳೆಯ ಹಾಗೆ ಗೀರುಗಳು. ಕಿಕ್ ಬಿದ್ದ ಕಡೆಯೆಲ್ಲ ಹೊಳೆ ತಿರುವು ತೆಗೆದುಕೊಂಡಿತ್ತು. ನಮ್ಮ ಡ್ರಮ್ಮರ್ ತನ್ನ ಪೆಟ್ಟನ್ನು ಕಣ್ಣಾರೆ ನೋಡಿ ಎಷ್ಟೋ ಹೊತ್ತು ಅಲ್ಲಿಂದ ಏಳಲೇ ಇಲ್ಲ.

ಅಲ್ಲಿಂದ ಮುಂದೆ ಕಾಯುವುದು. ಲ್ಯಾಕರಿಗೆ ಬೆಳ್ಳಿ ಸಿಂಪಡಿಸಿ, ನಿಕ್ಕಲ್ ಬೆಳೆಸಿ, ಅಚ್ಚು ತೆಗೆದು, ಆ ಅಚ್ಚಿನಿಂದ ಪಿವಿಸಿ ಪ್ಲೇಟು ಒತ್ತುತ್ತಾರೆ. ಕೋವಿಡ್ ನಂತರದ ದಿನಗಳಲ್ಲಿ ಎಲ್ಲ ಕಾರ್ಖಾನೆಗಳಲ್ಲೂ ತಿಂಗಳುಗಟ್ಟಲೆ ಸರದಿ. ಐದು ತಿಂಗಳ ಮೇಲೆ ಐದು ಟೆಸ್ಟ್ ಪ್ಲೇಟು ಬಂದವು. ಹಾಕಿದರೆ, ಬಿ ಬದಿಯಲ್ಲಿ ಸ್ಯಾಕ್ಸಿನ ದೀರ್ಘ ಸ್ವರ ಅಲೆಯಂತೆ ಏರಿ ಇಳಿಯುತ್ತಿದೆ. ಪ್ಲೇಯರಿನ ತೋಳನ್ನು ನೋಡಿದರೆ ಅದು ಸುತ್ತಿಗೊಮ್ಮೆ ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ನಡುವಿನ ತೂತು ನಡುವಿನಲ್ಲಿರಲಿಲ್ಲ. ಐದರಲ್ಲೂ ಅದೇ ದೋಷ. ಇದೊಂದನ್ನು ನೆನಪಿಡಿ: ಟೆಸ್ಟ್ ಪ್ಲೇಟುಗಳನ್ನೆಲ್ಲ ಕೇಳಲೇಬೇಕು. ಒಂದರಲ್ಲಿ ಮಾತ್ರ ಚಟಪಟ ಇದ್ದರೆ ಅದು ಆ ಪ್ಲೇಟಿನ ಕೊಳೆ ಅಥವಾ ಒತ್ತುವಾಗಿನ ತಪ್ಪು. ಎಲ್ಲದರಲ್ಲೂ ಒಂದೇ ಜಾಗದಲ್ಲಿ ಇದ್ದರೆ ಅಚ್ಚಿನಲ್ಲೇ ತಪ್ಪು, ಒಪ್ಪಿಗೆ ಕೊಡಬೇಡಿ. ನಾವು ಕೊಡಲಿಲ್ಲ. ಹೊಸ ಅಚ್ಚು, ಇನ್ನೂ ಆರು ವಾರ.

2022ರ ಸೆಪ್ಟೆಂಬರಿನಲ್ಲಿ 300 ಪ್ಲೇಟು ಕೈಗೆ ಬಂದವು. ಕೊರೆತ, ಅಚ್ಚು, ಒತ್ತುವುದು, ಲೇಬಲ್, ಕವರ್, ತೆರಿಗೆ ಎಲ್ಲ ಸೇರಿ 2,150 ಯೂರೋ. ಜರ್ಮನಿಯಲ್ಲಿ ಗೇಮಾ ಎಂಬ ಸಂಸ್ಥೆ ಸಂಗೀತ ಕಟ್ಟಿದವರ ಹಕ್ಕು ನೋಡಿಕೊಳ್ಳುತ್ತದೆ. ಅವರ ಕಾಗದವಿಲ್ಲದೆ ಕಾರ್ಖಾನೆ ಒತ್ತುವುದಿಲ್ಲ, ಆ ಅರ್ಜಿಯನ್ನು ಮೊದಲೇ ಹಾಕಿಡಿ. ಸಂಗೀತ ಕಛೇರಿಯ ಬಾಗಿಲಲ್ಲಿ ನಾವೇ ನಿಂತು ಮಾರಿದ್ದು 12 ಯೂರೋಗೆ, ಅಂಗಡಿಗಳಿಗೆ ಕೊಟ್ಟದ್ದು ಏಳೂವರೆಗೆ. ನಾವೇ ಮಾರಿದ 180 ಪ್ಲೇಟಿನಿಂದಲೇ ಹಾಕಿದ ದುಡ್ಡು ವಾಪಸು ಬಂತು.

ಆ ಡಿಸೆಂಬರಿನಲ್ಲಿ ಒಂದು ಪ್ಲೇಟನ್ನು ಸಾಗರಕ್ಕೆ ಒಯ್ದೆ. ಅಪ್ಪ ಕೈಗೆ ತೆಗೆದುಕೊಂಡವರೇ, "ಇದೇನೋ ಇಷ್ಟು ದೊಡ್ಡ ತೂತು?" ಅಂದರು. ಅಮೆರಿಕದ 45ಗಳ ಹಾಗೆ ಇರಲಿ ಎಂದು ನಾವು 38 ಮಿಲಿಮೀಟರಿನ ತೂತು ಹಾಕಿಸಿದ್ದೆವು. ಅದಕ್ಕೆ ನಡುವೆ ಒಂದು ಬಿಲ್ಲೆ ಬೇಕು, ನಾನು ತಂದಿರಲಿಲ್ಲ. ಅಪ್ಪ ದಪ್ಪನೆಯ ಮದುವೆ ಕಾಗದವೊಂದನ್ನು ಹುಡುಕಿ, ಕೈವಾರದಿಂದ ಸುತ್ತು ಎಳೆದು, ಕತ್ತರಿಸಿ ಕೂರಿಸಿದರು. ಮುಳ್ಳು ಇಟ್ಟರೆ ತೋಳು ತೂಗತೊಡಗಿತು. "ನಡು ತಪ್ಪಿದೆ ಅಲ್ವಾ" ಎಂದು ತಾವೇ ಹೇಳಿ, ಅದನ್ನು ಬಿಸಾಡಿ ಇನ್ನೊಂದು ಕತ್ತರಿಸಿದರು. ಅದು ಸರಿಯಾಗಿ ಕೂತಿತು.

ಅಪ್ಪನಿಗೆ ಫೆಲಾ ಗೊತ್ತಿಲ್ಲ, ಫಂಕ್ ಗೊತ್ತಿಲ್ಲ. ಡೊಳ್ಳು ಗೊತ್ತು. ಮೊಣಕಾಲಿನ ಮೇಲೆ ಕೈ ತಾನಾಗಿ ಬಡಿಯುತ್ತಿತ್ತು. ಎ ಬದಿ ಮುಗಿದು ತುತ್ತೂರಿಗಳು ಪ್ರಶ್ನೆ ಎತ್ತಿ ಸುಮ್ಮನಾದವು. ಅಪ್ಪ ನನ್ನ ಕಡೆ ನೋಡಲಿಲ್ಲ. "ಇನ್ನೂ ಇದೆಯಲ್ಲೋ" ಎನ್ನುತ್ತಾ ಮುಳ್ಳು ಎತ್ತಿ ಪ್ಲೇಟು ತಿರುಗಿಸಿದರು. ಅವರ ಇನ್ನೊಂದು ಕೈ ಮೊಣಕಾಲಿನ ಮೇಲೆ ಇನ್ನೂ ಆಡುತ್ತಿತ್ತು.

ಎರಡನೆಯ ಪ್ಲೇಟಿಗೆ ಸಣ್ಣ ತೂತನ್ನೇ ಹೇಳಿದ್ದೇವೆ.